ಬೆಟ್ಟದ ಹಾದಿಯ ಓಟ

ಓಟವೆಂದೊಡನೆ ನಮ್ಮಲ್ಲಿ ಅನೇಕರ ಮನಸ್ಸಿಗೆ ಬರುವುದು, ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆಗಳನ್ನೆಳೆದು ನಡೆಯಿಸುವ ನೂರು ಗಜದ ಪಂದ್ಯವೇ. ಈ ಲೇಖನದಲ್ಲಿ ನಾವು ವಿಚಾರ ಮಾಡತಕ್ಕ ಓಟವು ಬೇರೆ ಬಗೆಯದು. ಇದಕ್ಕೆ ಗೆರೆಯೂ ಇಲ್ಲ, ಸಮನೆಲವೂ ಇಲ್ಲ. ದನಕರುಗಳೂ ಕಟ್ಟಿಗೆ ಹೊರುವವರೂ ತುಳಿತುಳಿದು ಮಾಡಿದ ಕಾಲುದಾರಿಯೇ ಇದರ ಅಂಗಣವು. ಕಲ್ಲು, ಬೇರು, ಹುಲ್ಲು, ಹಳ್ಳ, ಏರು, ಇಳುಕಲು ಇವೆಲ್ಲವನ್ನೂ ದಾಟುತ್ತ ಹತ್ತು ಹನ್ನೆರಡು ಮೈಲು ಓಡುವ ಈ ವ್ಯಾಯಾಮಕ್ಕೆ ಈಗಿನವರು ಟ್ರೇಲ್ ರನ್ನಿಂಗ್ ಎಂದು ಹೆಸರಿಟ್ಟಿದ್ದಾರೆ. ನಾವು ಬೆಟ್ಟದ ಹಾದಿಯ ಓಟವೆಂದು ಕರೆಯುವೆವು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಎಂಬ ಹೆಸರಿನಿಂದ ಐವತ್ತು, ನೂರು ಕಿಲೋಮೀಟರಿನ ಓಟಗಳು ನಡೆದಿರುತ್ತವೆ. ಅವುಗಳಲ್ಲಿ ಹೆಣ್ಣುಮಕ್ಕಳೂ ಓಡಿದ್ದಾರೆ. ಹೀಗಿರಲಾಗಿ, ನಮ್ಮ ಹುಡುಗಿಯರನ್ನು ಇಂಥ ಓಟಕ್ಕೆ ಕಳುಹಿಸಬಹುದೋ ಬಾರದೋ ಎಂಬ ಪ್ರಶ್ನೆಯನ್ನು ಪಾಲಕರು ಕೇಳುವುದು ಸಹಜವೇ ಸರಿ.

ಕೊಣ್ಣೂರಿನಂಥ ಎರೆಸೀಮೆಯ ಊರಿನವರಿಗೆ ಬೆಟ್ಟದ ಮಾತು ಯಾತಕ್ಕೆ ಎಂದು ಕೆಲವರು ಅನ್ನಬಹುದು. ಆದರೆ ಕೊಣ್ಣೂರಿನ ಮಗ್ಗುಲಲ್ಲಿ ಹರಿಯುವ ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ಮೇಲೆ, ಸುಮಾರು 790 ಮೀಟರ್ ಎತ್ತರದಲ್ಲಿ ಹುಟ್ಟಿದವಳು. 2019ರ ಆಗಸ್ಟ್ ತಿಂಗಳಲ್ಲಿ ಘಟ್ಟದ ಮಳೆಯು ಮಿತಿಮೀರಿ, ನವಿಲುತೀರ್ಥದ ಆಣೆಕಟ್ಟಿನಿಂದ ನೀರು ಬಿಟ್ಟಾಗ ಕೊಣ್ಣೂರಿನ ಮನೆಗಳೊಳಗೆ ನದಿ ಬಂದು ನಿಂತದ್ದನ್ನು ಅಲ್ಲಿಯವರು ಮರೆತಿಲ್ಲ. ಬೆಟ್ಟವು ನಮಗೆ ಕಾಣದಷ್ಟು ದೂರವಿದ್ದರೂ ಅದರ ಹುಲ್ಲು, ಕಾಡು, ಮಣ್ಣು ಹೇಗಿವೆಯೆಂಬುದು ನಮ್ಮ ಹೊಸ್ತಿಲಿಗೆ ಸಂಬಂಧಪಟ್ಟ ಮಾತೇ ಆಗಿರುತ್ತದೆ. ಅದಲ್ಲದೆ ಮಳೆಗಾಲದಲ್ಲಿ ಎರೆಹೊಲದ ದಾರಿ ತುಳಿದವಳಿಗೆ ಬೆಟ್ಟದ ಜಾರುದಾರಿಯ ಅರ್ಧ ಪಾಠವು ಮೊದಲೇ ಬಂದಿರುವುದು. ಮಣ್ಣು ಮೆತ್ತಿ ಮೆತ್ತಿ ಒಂದೊಂದು ಪಾದವೂ ಸೇರು ತೂಕವಾಗುವಾಗ, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಸಣ್ಣ ಸಣ್ಣ ಹೆಜ್ಜೆಯಿಟ್ಟು, ಮೈಭಾರವನ್ನು ಕಾಲಿನ ನೇರಕ್ಕೆ ಇರಿಸಿಕೊಂಡು ನಡೆಯುವ ವಿದ್ಯೆಯನ್ನು ಪಟ್ಟಣದ ಹುಡುಗಿಯರು ಹಣ ಕೊಟ್ಟು ಕಲಿಯಬೇಕಾಗಿದೆ!

ರಾಷ್ಟ್ರೀಯ ಉದ್ಯಾನದೊಳಗಿನ ಬೆಟ್ಟದ ಹಾದಿಗೆ ನಮ್ಮ ನಾಡಿನಲ್ಲಿ ಉತ್ತಮ ದೃಷ್ಟಾಂತವು ಕುದುರೆಮುಖವೇ. ಕುದುರೆಯ ಮೋರೆಯನ್ನು ಹೋಲುವ ಈ ಶಿಖರದ ಎತ್ತರವು ಸಮುದ್ರಮಟ್ಟಕ್ಕಿಂತ ಸುಮಾರು 1,890 ಮೀಟರ್. ಸುತ್ತಣ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸಾರಲಾಯಿತು. ತುಂಗೆ, ಭದ್ರೆ, ನೇತ್ರಾವತಿ ಈ ಮೂವರೂ ಇಲ್ಲಿಯ ಗಂಗಾಮೂಲದಲ್ಲಿ ಹುಟ್ಟುತ್ತಾರೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುವ ಸ್ಥಳವಿದು; ನರಗುಂದ ಸೀಮೆಯಲ್ಲಿ ಬೀಳುವ ಮಳೆ ಅದರ ಹತ್ತನೆಯ ಒಂದು ಪಾಲೂ ಆಗಲಾರದು. ಬೆಟ್ಟದ ನೆತ್ತಿಯ ಮೇಲೆ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಶೋಲಾ ಎಂಬ ದಟ್ಟ ಗಿಡ್ಡ ಮರಗಳ ಕಾಡು. ಈ ಹುಲ್ಲೂ ಕಾಡೂ ಕೂಡಿ ಮಳೆನೀರನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ತೊಟ್ಟುತೊಟ್ಟಾಗಿ ನದಿಗೆ ಬಿಡುತ್ತವೆ. ಇದೇ ಬೆಟ್ಟದಲ್ಲಿ ಕಬ್ಬಿಣದ ಅದಿರನ್ನು ಅಗೆಯುವ ಕಂಪನಿಯು 1976ರಲ್ಲಿ ಸ್ಥಾಪಿತವಾಗಿತ್ತು. ಬಹಳ ಹೋರಾಟವಾದ ಬಳಿಕ ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನ ಪ್ರಕಾರ 2005ರ ಕೊನೆಗೆ ಅಗೆತವು ನಿಂತಿತು. ಓಟಗಾರರೆಂಬವರು ಹುಟ್ಟುವುದಕ್ಕೆ ಬಹು ಮುಂಚಿನಿಂದ ಮಲೆಕುಡಿಯರು ಈ ದಾರಿಗಳನ್ನು ಬೆನ್ನ ಮೇಲೆ ಹೊರೆ ಹೊತ್ತು ಏರಿಳಿಯುತ್ತ ಬಂದಿದ್ದಾರೆಂಬುದನ್ನೂ ಇಲ್ಲಿ ಹೇಳಬೇಕು.

ಬೆಟ್ಟದ ದಾರಿಗೆ ಎಷ್ಟು ಹೊತ್ತು ಬೇಕೆಂಬುದನ್ನು ಲೆಕ್ಕ ಹಾಕಲು 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿಯು ಒಂದು ಸೂತ್ರವನ್ನು ಮಾಡಿಕೊಟ್ಟನು. ಪ್ರತಿ ಮೂರು ಮೈಲಿಗೆ ಒಂದು ತಾಸು. ಅದಲ್ಲದೆ ಏರಿದ ಪ್ರತಿ 2,000 ಅಡಿಗೆ ಇನ್ನೊಂದು ತಾಸು. ಮುಳ್ಳೋಡಿಯಿಂದ ಕುದುರೆಮುಖದ ತುದಿಗೆ 9 ಕಿಲೋಮೀಟರ್ ದಾರಿ, 900 ಮೀಟರ್ ಏರಿಕೆ ಎಂದು ಹಿಡಿಯೋಣ. 9 ಕಿಲೋಮೀಟರ್ ಎಂದರೆ ಐದೂವರೆ ಮೈಲಿಗೆ ತುಸು ಹೆಚ್ಚು; ಅದಕ್ಕೆ ಒಂದು ತಾಸು ಐವತ್ತು ನಿಮಿಷ. 900 ಮೀಟರ್ ಎಂದರೆ 2,950 ಅಡಿ. ಅದಕ್ಕೆ ಸುಮಾರು ಒಂದೂವರೆ ತಾಸು. ಕೂಡಿಸಿದರೆ ಮೂರು ತಾಸು ಇಪ್ಪತ್ತು ನಿಮಿಷವಾಯಿತು. ಇದು ಗಟ್ಟಿಮುಟ್ಟಾದವರ ನಡಿಗೆಯ ಲೆಕ್ಕ. ವಿಶ್ರಾಂತಿಯೂ ಊಟವೂ ಇದರಲ್ಲಿ ಸೇರಿಲ್ಲ. ಸಮನೆಲದ ಅಭ್ಯಾಸದಿಂದ ಎರಡು ತಾಸಿನೊಳಗೆ ಮುಟ್ಟುವೆವೆಂದು ಹೊರಟವರು ಕತ್ತಲಲ್ಲಿ ಸಿಕ್ಕಿಕೊಳ್ಳುವುದು ಈ ಎರಡನೆಯ ಸಾಲಿನ ಲೆಕ್ಕವನ್ನು ಮರೆಯುವುದರಿಂದಲೇ.

ಏರುವಾಗ ಎದೆಯೂ ಉಸಿರೂ ದುಡಿಯುತ್ತವೆ. ಕಡಿದಾದ ಏರಿನಲ್ಲಿ ನುರಿತ ಓಟಗಾರರೂ ಓಡುವುದಿಲ್ಲ, ಮೊಳಕಾಲಿನ ಮೇಲೆ ಕೈಯೂರಿ ಬಿರುಸಾಗಿ ನಡೆಯುತ್ತಾರೆ. ಅಲ್ಲಿ ಓಡಿದರೆ ವ್ಯಯವಾಗುವ ಶಕ್ತಿಗೆ ತಕ್ಕ ವೇಗ ದೊರೆಯುವುದಿಲ್ಲ. ಇಳಿಯುವುದು ಸುಲಭವೆಂದು ತಿಳಿಯುವುದೇ ದೊಡ್ಡ ಭ್ರಮೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುವು ಒಂದೇ ಕಾಲಕ್ಕೆ ಹಿಗ್ಗುತ್ತಲೂ ಮೈಭಾರವನ್ನು ತಡೆಹಿಡಿಯುತ್ತಲೂ ಇರಬೇಕಾಗುತ್ತದೆ. ಬಾವಿಗೆ ಕೊಡ ಇಳಿಬಿಡುವಾಗ ಹಗ್ಗವನ್ನು ತುಸುತುಸುವಾಗಿ ಸಡಿಲಿಸುವ ಕೈಯ ಕೆಲಸದಂತೆ ಇದು. ಹೀಗೆ ದುಡಿದ ಸ್ನಾಯುವಿನ ಎಳೆಗಳಲ್ಲಿ ಅತಿ ಸೂಕ್ಷ್ಮವಾದ ಹರುಕುಗಳಾಗುತ್ತವೆ. ನೋವು ಅಂದೇ ತೋರದೆ ಮರುದಿನ, ಅದರ ಮರುದಿನ ತೋರುವುದು. ಸಂತೋಷದ ಸಂಗತಿಯೇನೆಂದರೆ, ಒಮ್ಮೆ ಮಿತವಾಗಿ ಇಳಿದು ಅಭ್ಯಾಸ ಮಾಡಿದ ಸ್ನಾಯುವು ಮುಂದೆ ಕೆಲವು ವಾರಗಳ ವರೆಗೆ ಅಷ್ಟು ನೋಯುವುದಿಲ್ಲ. ಆದಕಾರಣ ನಮ್ಮ ಸೀಮೆಯ ಹುಡುಗಿಯರಿಗೆ ನರಗುಂದದ ಕೋಟೆಯ ಗುಡ್ಡವೇ ಸಾಕಾದ ಪಾಠಶಾಲೆಯೆಂದು ನಮ್ಮ ಅಭಿಪ್ರಾಯ. 1858ರ ಬಂಡಾಯದಿಂದ ಹೆಸರಾದ ಆ ಗುಡ್ಡವನ್ನು ವಾರಕ್ಕೆರಡು ಸಲ ಏರಿ, ಮೊಳಕಾಲನ್ನು ತುಸು ಮಡಿಸಿ, ಗಿಡ್ಡ ಹೆಜ್ಜೆಗಳಿಂದ, ಮೂರು ನಾಲ್ಕು ಮಾರು ಮುಂದೆ ದೃಷ್ಟಿಯಿಟ್ಟು ಇಳಿಯುವುದನ್ನು ಕಲಿಯಬೇಕು. ಗಜೇಂದ್ರಗಡದವರಿಗೆ ಅವರ ಗುಡ್ಡವುಂಟು.

ಹೆಂಗಸರ ದೇಹಕ್ಕೆ ಇದು ಒಗ್ಗದು ಎಂಬ ಮಾತು ಇಂದಿಗೂ ಕಿವಿಗೆ ಬೀಳುತ್ತದೆ. ಈ ಮಾತಿಗೆ ಒಂದು ಚರಿತ್ರೆಯುಂಟು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರು 800 ಮೀಟರ್ ಓಡಿದರು. ಓಡಿದವರು ಸೋತು ಬಿದ್ದರೆಂದು ಪತ್ರಿಕೆಗಳು ಇದ್ದದ್ದನ್ನು ಹತ್ತು ಪಾಲು ಮಾಡಿ ಬರೆದವು. ಆ ಪಂದ್ಯವು 1960ರ ವರೆಗೆ ಮತ್ತೆ ನಡೆಯಲಿಲ್ಲ. ಹೆಂಗಸರ ಮ್ಯಾರಥಾನ್ ಓಟವು ಒಲಿಂಪಿಕ್ಸಿಗೆ ಬಂದದ್ದು 1984ರಲ್ಲಿ. ಬೆಟ್ಟಗಳಲ್ಲಾದರೋ ಹೆಂಗಸರು ಇಷ್ಟು ಕಾಯಲಿಲ್ಲ. ಸ್ಕಾಟ್ಲೆಂಡಿನ ಬೆನ್ ನೆವಿಸ್ ಪರ್ವತವನ್ನು 1895ರಲ್ಲಿ ವಿಲಿಯಂ ಸ್ವಾನ್ ಎಂಬವನು 2 ತಾಸು 41 ನಿಮಿಷಗಳಲ್ಲಿ ಏರಿಳಿದು ಅಲ್ಲಿಯ ಓಟಕ್ಕೆ ಮೊದಲಿಟ್ಟನು. ಅದೇ ಬೆಟ್ಟವನ್ನು 1955ರಲ್ಲಿ ಕ್ಯಾಥ್ಲೀನ್ ಕೊನೊಕಿ ಎಂಬ 16 ವರ್ಷದ ಹುಡುಗಿಯು 3 ತಾಸು 2 ನಿಮಿಷಗಳಲ್ಲಿ ಓಡಿ ಮುಗಿಸಿದಳು; ಪಂದ್ಯದೊಳಗೆ ಆಕೆಯ ಹೆಸರನ್ನು ಸೇರಿಸಿಕೊಳ್ಳಲು ಮಾತ್ರ ನಡೆಸುವವರು ಒಪ್ಪಿರಲಿಲ್ಲ. 1959ರಲ್ಲಿ ಆರ್ಲೀನ್ ಪೈಪರ್ ಎಂಬ ತಾಯಿಯು ಅಮೇರಿಕೆಯ ಪೈಕ್ಸ್ ಪೀಕ್ ಎಂಬ 14,115 ಅಡಿ ಎತ್ತರದ ಪರ್ವತದ ಮ್ಯಾರಥಾನನ್ನು 9 ತಾಸು 16 ನಿಮಿಷಗಳಲ್ಲಿ ಮುಗಿಸಿದಳು. ಆಕೆಯ 9 ವರ್ಷದ ಮಗಳು ಶಿಖರದ ವರೆಗೆ ತಾಯಿಯೊಡನೆ ಹೋದಳು. ಪೌಲ ಅಪೊಸ್ತಲನು ಕೊರಿಂಥದ ಸಭೆಗೆ ಬರೆದ ಪತ್ರಿಕೆಯಲ್ಲಿ ಓಟಗಾರರ ದೃಷ್ಟಾಂತವನ್ನು ಕೊಟ್ಟದ್ದು ನಮ್ಮ ಓದುಗರಿಗೆ ಗೊತ್ತಿದೆ. ಕೊರಿಂಥದ ಸಮೀಪದಲ್ಲಿಯೇ ಇಸ್ತ್ಮಿಯದ ಕ್ರೀಡೋತ್ಸವವು ನಡೆಯುತ್ತಿದ್ದುದರಿಂದ ಅಲ್ಲಿಯವರಿಗೆ ಆ ಮಾತು ಕೂಡಲೇ ತಿಳಿಯಿತು. ಆ ಪತ್ರಿಕೆಯನ್ನು ಓದಿದವರೂ ಕೇಳಿದವರೂ ಬರಿಯ ಗಂಡಸರೇ ಆಗಿರಲಿಲ್ಲವಷ್ಟೆ.

ಆದರೆ ಭಯಕ್ಕೆ ಕಾರಣವೇ ಇಲ್ಲವೆಂದು ಹೇಳಿದರೆ ನಾವು ಪಾಲಕರನ್ನು ವಂಚಿಸಿದಂತಾಗುವುದು. 2021ರ ಮೇ 22ರಂದು ಚೀನಾ ದೇಶದ ಗಾನ್ಸು ಪ್ರಾಂತದಲ್ಲಿ 172 ಮಂದಿ ನೂರು ಕಿಲೋಮೀಟರಿನ ಬೆಟ್ಟದ ಓಟಕ್ಕೆ ಹೊರಟರು. ಮಧ್ಯಾಹ್ನದ ಸುಮಾರಿಗೆ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ ಒಮ್ಮೆಲೆ ಬಂದವು. ತೆಳ್ಳಗಿನ ಬಟ್ಟೆಯಲ್ಲಿದ್ದ 21 ಮಂದಿ ಚಳಿಯಿಂದ ಸತ್ತರು. ಅವರಲ್ಲಿ ಆ ದೇಶದ ಶ್ರೇಷ್ಠ ಓಟಗಾರರೂ ಇದ್ದರು. ಒಬ್ಬ ಕುರುಬನು ತಾನು ಆಶ್ರಯ ಪಡೆದಿದ್ದ ಗವಿಯೊಳಗೆ ಆರು ಮಂದಿಯನ್ನು ಕರೆತಂದು ಬೆಂಕಿ ಮಾಡಿ ಬದುಕಿಸಿದನು. ನಮ್ಮ ಬೆಟ್ಟಗಳಲ್ಲಿ ಅಂಥ ಚಳಿ ಇಲ್ಲವೆಂದು ಅಸಡ್ಡೆ ಮಾಡಕೂಡದು. ಸಾವಿರ ಮೀಟರ್ ಏರಿದರೆ ಗಾಳಿಯ ಉಷ್ಣವು ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಮಲಪ್ರಭೆಯ ದಡಕ್ಕಿಂತ ಕುದುರೆಮುಖದ ತುದಿಯು ಸಾವಿರ ಮೀಟರಿಗೂ ಮಿಕ್ಕಿ ಎತ್ತರದಲ್ಲಿರುವುದರಿಂದ ಏಳೆಂಟು ಡಿಗ್ರಿಯ ವ್ಯತ್ಯಾಸವು ಬಂದೇ ಬರುವುದು. ಅದರ ಮೇಲೆ ಬೆವರಿನಿಂದ ಒದ್ದೆಯಾದ ಅರಿವೆ, ಬಯಲುಹುಲ್ಲಿನ ಗಾಳಿ, ಖಾಲಿ ಹೊಟ್ಟೆ ಸೇರಿದರೆ ಮೈ ನಡುಗಲು ಹೊತ್ತು ಬೇಕಾಗದು. ಗಾಳಿಯನ್ನೂ ಮಳೆಯನ್ನೂ ತಡೆಯುವ ಒಂದು ಹಗುರವಾದ ಮೇಲಂಗಿಯನ್ನು ಬಿಸಿಲಿರುವಾಗಲೂ ಬಿಟ್ಟು ಹೋಗಬಾರದು. ಮಾತು ತೊದಲುವವಳನ್ನೂ, ಬಿಸಿಲಿಲ್ಲದೆ ತಡವರಿಸುವವಳನ್ನೂ ಅಲ್ಲಿಯೇ ನಿಲ್ಲಿಸಿ ಒಣಬಟ್ಟೆ ಹೊದಿಸಿ ಕೆಳಗೆ ಕರೆತರತಕ್ಕದ್ದು.

ಬೆಟ್ಟಕ್ಕಿಂತ ಮೊದಲು ಮನೆಯಲ್ಲಿಯೇ ನೋಡಿಕೊಳ್ಳಬೇಕಾದ ವಿಷಯವೊಂದುಂಟು. ನಮ್ಮ ಮತದಲ್ಲಿ ಇದೇ ಎಲ್ಲಕ್ಕೂ ಮುಖ್ಯವಾದದ್ದು. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದವಳಿಗೆ ಏರುದಾರಿಯಲ್ಲಿ ಉಸಿರು ಸಾಲದು. ಆಕೆಯನ್ನು ಸೋಮಾರಿಯೆಂದು ಜರೆಯುವುದು ಅನ್ಯಾಯ. ಓಟಕ್ಕೆ ಹೊರಡುವ ಮುಂಚೆ ವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಸೊಪ್ಪು, ಕಾಳು, ಸಜ್ಜೆಗಳಲ್ಲಿ ಕಬ್ಬಿಣವುಂಟು. ಊಟದೊಡನೆ ಲಿಂಬೆಹಣ್ಣಿನ ರಸ ಸೇರಿದರೆ ಅದು ಮೈಗೆ ಹೆಚ್ಚಾಗಿ ಹತ್ತುವುದು, ಊಟವಾದ ಕೂಡಲೇ ಚಹಾ ಕುಡಿದರೆ ಹತ್ತದು. ದಾರಿಯ ಬುತ್ತಿಗೆ ಶೇಂಗಾದ ಉಂಡಿಯೂ ಬೆಲ್ಲವೂ ಸಾಕು. ನೀರು ಬೇಕು, ಆದರೆ ಬರಿಯ ನೀರನ್ನೇ ಮಿತಿಯಿಲ್ಲದೆ ಕುಡಿಯುವುದೂ ಅಪಾಯವೇ; ಬೆವರಿನೊಡನೆ ಉಪ್ಪು ಹೋಗಿರುವುದರಿಂದ ರಕ್ತವು ತೆಳುವಾಗಿ ತಲೆ ತಿರುಗುವುದು. ಉಪ್ಪು ಹಾಕಿದ ಮಜ್ಜಿಗೆಯು ಹಳೆಯ ಉಪಾಯವಾದರೂ ಒಳ್ಳೆಯದು.

ಇನ್ನು ಉದ್ಯಾನದ ವಿಷಯ. ರಾಷ್ಟ್ರೀಯ ಉದ್ಯಾನವು ಪಂದ್ಯದ ಬಯಲಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅದರೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಲೇ ನುಗ್ಗಿದ ಮೇಲೆ ಸರಕಾರವು ಚಾರಣಗಳನ್ನು ಕೆಲವು ಕಾಲ ನಿಲ್ಲಿಸಿ, ಮುಂಗಡವಾಗಿ ಹೆಸರು ನೋಂದಿಸುವ ಏರ್ಪಾಟನ್ನು ಬಿಗಿಗೊಳಿಸಿತು. ಇದು ಯೋಗ್ಯವಾದ ಕ್ರಮವೆಂದೇ ನಾವು ತಿಳಿಯುತ್ತೇವೆ. ನೂರಾರು ಪಾದಗಳು ಒಂದೇ ಜಾಡಿನಲ್ಲಿ ಬಿದ್ದರೆ ಹುಲ್ಲಿನ ಬೇರು ಕೀಳುತ್ತದೆ. ಕೆಸರನ್ನು ತಪ್ಪಿಸಲು ಪಕ್ಕಕ್ಕೆ ಸರಿದರೆ ದಾರಿ ಅಗಲವಾಗುತ್ತದೆ. ಬೆತ್ತಲಾದ ಮಣ್ಣನ್ನು ಮುಂಗಾರು ಕೊರೆದು ಕಾಲುವೆ ಮಾಡುತ್ತದೆ. ಆದಕಾರಣ ಕೆಸರಿನ ನಡುವೆಯೇ ಹೆಜ್ಜೆಯಿಡಬೇಕು. ಗಡಿಯಾರ ಹಿಡಿದು ಗೆಲ್ಲುವ ಓಟವು ತೋಟಗಳ ದಾರಿಯಲ್ಲಿ ನಡೆಯಲಿ. ಉದ್ಯಾನದೊಳಗೆ ನಾಲ್ಕೈದು ಮಂದಿ, ಇಲಾಖೆಯ ಮಾರ್ಗದರ್ಶಿಯೊಡನೆ, ಹಗಲು ಹೊತ್ತಿನಲ್ಲಿ ಮಾತ್ರ. ತಿರುವುಗಳಲ್ಲಿ ಓಟವನ್ನು ನಿಲ್ಲಿಸಿ ನಡೆಯಬೇಕು, ಯಾಕಂದರೆ ಸದ್ದಿಲ್ಲದೆ ಓಡಿಬಂದವರನ್ನು ಹಠಾತ್ತಾಗಿ ಕಂಡ ಕಾಡುಕೋಣವು ಹಿಂದೆ ಸರಿಯುವುದೆಂಬ ಭರವಸೆಯಿಲ್ಲ.

ಮಧ್ಯಾಹ್ನದೊಳಗೆ ತುದಿ ಸಿಕ್ಕದಿದ್ದರೆ ಅಲ್ಲಿಂದಲೇ ಹಿಂತಿರುಗತಕ್ಕದ್ದು. ಮನೆಗೆ ಬಂದ ಬಳಿಕ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಗಳನ್ನು ಬೇರೆಯಾಗಿ ಒಗೆದು, ಮೈಮೇಲೆ ಉಣ್ಣೆಹುಳಗಳು ಹತ್ತಿವೆಯೋ ಎಂದು ತಾಯಂದಿರು ಪರೀಕ್ಷಿಸಬೇಕು. ಇಂಬಳ ಕಚ್ಚಿದರೆ ರಕ್ತ ಹರಿಯುವುದೇ ಹೊರತು ಕೇಡಿಲ್ಲ. ಉಣ್ಣೆಯ ಮಾತು ಹಾಗಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣ್ಣೆಗಳಿಂದಲೇ ಹರಡುತ್ತದೆ. ಡಿಸೆಂಬರಿನಿಂದ ಮೇ ವರೆಗಿನ ಒಣಗಾಲದಲ್ಲಿ ಅದರ ಕಾಟ ಹೆಚ್ಚು. ಮಲೆನಾಡಿನಿಂದ ಬಂದ ಮೂರರಿಂದ ಎಂಟು ದಿನಗಳೊಳಗೆ ಜ್ವರ, ತಲೆನೋವು, ಮೈಕೈನೋವು ಕಾಣಿಸಿದರೆ ಅದನ್ನು ಓಟದ ದಣಿವೆಂದು ಬಿಡದೆ ಆಸ್ಪತ್ರೆಗೆ ಹೋಗಬೇಕು, ಮತ್ತು ಹುಡುಗಿಯು ಯಾವ ಕಾಡಿಗೆ ಯಾವ ದಿನ ಹೋಗಿದ್ದಳೆಂಬುದನ್ನು ವೈದ್ಯರು ಕೇಳುವುದಕ್ಕೆ ಮುಂಚೆಯೇ ತಿಳಿಸಬೇಕು.