ಮಂಗಳೂರಿನ ಕಡಲು: ಹೋಗತಕ್ಕ ಕಾಲವೂ ಸಂಚರಿಸತಕ್ಕ ಕ್ರಮವೂ

ನಮ್ಮ ಶಾಲೆಯ ಭೂಗೋಳದ ತರಗತಿಯಲ್ಲಿ ಮುಂಗಾರುಗಾಳಿಯ ಪಾಠವನ್ನು ಒಪ್ಪಿಸಿದ ಪೂರ್ವವಿದ್ಯಾರ್ಥಿನಿಯರು ಈಗ ತಾಯಂದಿರಾಗಿ, ಮಕ್ಕಳ ಕೈ ಹಿಡಿದುಕೊಂಡು ಕಡಲನ್ನು ನೋಡಲು ಘಟ್ಟವನ್ನಿಳಿಯುತ್ತಾರೆಂದು ಕೇಳಿ ನನಗೆ ಸಂತೋಷವಾಗುವುದು. ಆದರೆ ಅವರಲ್ಲಿ ಹೆಚ್ಚಿನವರು ಹೊರಡುವುದು ಮೇ ತಿಂಗಳಿನಲ್ಲೆಂದು ತಿಳಿದಾಗ, ಆ ಪಾಠವನ್ನು ನಾನು ಸರಿಯಾಗಿ ಕಲಿಸಿದೆನೋ ಇಲ್ಲವೋ ಎಂಬ ಸಂಶಯವೂ ಹುಟ್ಟುವುದು. ಶಾಲೆಗೆ ಬಿಡುವಿರುವ ಕಾಲ ಬೇರೆ. ಕಡಲು ಶಾಂತವಾಗಿರುವ ಕಾಲ ಬೇರೆ. ಇವೆರಡನ್ನೂ ಒಂದೆಂದೆಣಿಸುವುದರಿಂದ ಎಂತಹ ಅಪಾಯ ಒದಗಬಹುದೆಂಬುದನ್ನು ನಾನು ಪುಸ್ತಕದಿಂದ ಕಲಿತವಳಲ್ಲ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಇದರ ಬಹುಭಾಗವು ಜೂನ್ ಮೊದಲ್ಗೊಂಡು ಸೆಪ್ಟೆಂಬರ್ ತನಕದ ನಾಲ್ಕು ತಿಂಗಳುಗಳಲ್ಲಿಯೇ ಸುರಿಯುವುದು. ಅಕ್ಟೋಬರಿನಲ್ಲಿ ಸಾಯಂಕಾಲದ ಗುಡುಗುಮಳೆಯುಂಟು. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಆಕಾಶವು ನಿರ್ಮಲವಾಗಿರುವುದು. ಇಲ್ಲಿ ಉಷ್ಣಮಾಪಕವನ್ನು ಮಾತ್ರ ನಂಬಿ ಮೋಸಹೋಗಬಾರದು: ಜನವರಿಯ ಮಧ್ಯಾಹ್ನದ ಬಿಸಿಲಿಗೂ ಮೇ ತಿಂಗಳಿನ ಬಿಸಿಲಿಗೂ ಅಂಕೆಗಳಲ್ಲಿ ಹೆಚ್ಚು ಭೇದವಿಲ್ಲ; ಎರಡೂ 33 ಡಿಗ್ರಿ ಸೆಲ್ಸಿಯಸಿನ ಆಸುಪಾಸಿನಲ್ಲಿಯೇ ಇರುವುವು. ಭೇದವಿರುವುದು ಗಾಳಿಯ ತೇವದಲ್ಲಿ. ಜನವರಿಯಲ್ಲಿ ಪೂರ್ವದಿಂದ ಒಣಗಾಳಿ ಬೀಸಿ, ರಾತ್ರಿ ತಂಪಾಗುವುದು; ಮೇ ತಿಂಗಳಿನಲ್ಲಿ ಬೆವರು ಆರುವುದೇ ಇಲ್ಲ, ರಾತ್ರಿಯೂ ಸೆಕೆ ಬಿಡದು.

ಸೆಕೆಯನ್ನಾದರೂ ಸಹಿಸಬಹುದು. ಏಪ್ರಿಲ್ ಮೇ ತಿಂಗಳುಗಳಲ್ಲಿ, ದೂರದ ದಕ್ಷಿಣ ಸಾಗರದಲ್ಲಿ ಬಿರುಗಾಳಿಯಿಂದೆದ್ದ ದೊಡ್ಡ ಅಲೆಗಳು ಸಾವಿರಾರು ಮೈಲಿ ಸಾಗಿ ನಮ್ಮ ತೀರವನ್ನು ತಲಪುವುದುಂಟು. ಇಲ್ಲಿ ಮೋಡವಿಲ್ಲ, ಗಾಳಿಯಿಲ್ಲ. ಆದರೂ ಕಡಲು ಉಕ್ಕುವುದು. ಕೇರಳದ ಬೆಸ್ತರು ಇದನ್ನು ‘ಕಳ್ಳಕ್ಕಡಲ್’ ಎಂದು ಕರೆಯುವರು. ಸದ್ದಿಲ್ಲದೆ ಬರುವ ಕಳ್ಳನೆಂಬ ಭಾವ. ಅನೇಕ ವರ್ಷಗಳ ಹಿಂದೆ, ಮೇ ತಿಂಗಳಿನ ಕೊನೆಯ ವಾರದಲ್ಲಿ, ನನ್ನ ಅಕ್ಕನ ಮಕ್ಕಳೊಡನೆ ನಾನು ನಗರದ ದಕ್ಷಿಣದ ಒಂದು ತೀರಕ್ಕೆ ಹೋಗಿದ್ದೆನು. ಎಲ್ಲೆಡೆಯೂ ತೆರೆಗಳು ಬಿಳಿನೊರೆಯಾಗಿ ಒಡೆಯುತ್ತಿದ್ದುವು. ನಡುವೆ ಒಂದೆಡೆ ಮಾತ್ರ ನೀರು ಸುಮ್ಮನಿತ್ತು. “ಅಲ್ಲಿ ಇಳಿಯಿರಿ, ಅಲ್ಲಿ ಅಲೆಯಿಲ್ಲ” ಎಂದು ಬೆರಳಿಟ್ಟು ತೋರಿಸಿದವಳು ನಾನೇ. ಭೂಗೋಳದ ಉಪಾಧ್ಯಾಯಿನಿ! ಹನ್ನೊಂದು ವರ್ಷದ ಹುಡುಗಿಯು ಸೊಂಟದಷ್ಟು ನೀರಿನಲ್ಲಿ ನಿಂತಿದ್ದವಳು, ನಾವು ನೋಡುತ್ತಿರುವಂತೆಯೇ ದೂರ ಸರಿದಳು. ಬಲೆ ಒಣಗಿಸುತ್ತಿದ್ದ ಇಬ್ಬರು ಮೊಗವೀರರು ಓಡಿ ಬಂದು ಅವಳನ್ನು ಎಳೆದು ತಂದರು. ಹಣ ಕೊಡಹೋದಾಗ ಮುಟ್ಟಲಿಲ್ಲ. ನನ್ನನ್ನು ಚೆನ್ನಾಗಿ ಬೈದರು.

ಅಂದು ನಾನು ಕಲಿತ ಪಾಠವಿದು. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲು ದಾರಿ ಬೇಕಷ್ಟೆ. ಅದು ಮರಳಿನಲ್ಲಿ ಆಳವಾದ ಒಂದು ಓಣಿಯನ್ನು ಹಿಡಿದು ವೇಗವಾಗಿ ಕಡಲಿಗೆ ಹರಿಯುವುದು. ಆಳವಿರುವಲ್ಲಿ ಅಲೆ ಒಡೆಯುವುದಿಲ್ಲ. ಆದುದರಿಂದ ಅತಿ ಅಪಾಯದ ಸ್ಥಳವೇ ಅತಿ ಶಾಂತವಾಗಿ ಕಾಣುವುದು. ಅದರಲ್ಲಿ ಸಿಕ್ಕಿದವರು ದಡದ ಕಡೆಗೆ ಹೋರಾಡಿ ದಣಿಯದೆ, ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಈಜಿ ಓಣಿಯಿಂದ ಹೊರಗೆ ಬರತಕ್ಕದ್ದು. ಈಜು ಬಾರದವರ ಮಾತೇನು? ಮೊಣಕಾಲಿನಷ್ಟು ನೀರೇ ಅವರ ಗಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವುಂಟು. ಮೀನಿನ ಸಂತತಿ ಬೆಳೆಯಲೆಂದೇ ಅದನ್ನು ವಿಧಿಸಿರುವುದಾದರೂ, ಅದು ಕಡಲು ಕೆರಳಿರುವ ಕಾಲವೂ ಹೌದು. ಶ್ರಾವಣದ ಹುಣ್ಣಿಮೆಯ ಸಮಯದಲ್ಲಿ ಮೊಗವೀರರು ಕಡಲಿಗೆ ಹಾಲು ತೆಂಗಿನಕಾಯಿಗಳನ್ನರ್ಪಿಸಿ ಕಸುಬಿಗೆ ಇಳಿಯುವರು. ಕಡಲನ್ನು ನಂಬಿ ಬಾಳುವವರೇ ಅಷ್ಟು ಕಾಯುವಾಗ, ನಮಗೇಕೆ ಅವಸರ?

ಮಳೆಗಾಲದಲ್ಲಿ ದಾರಿಯೂ ನಂಬತಕ್ಕದ್ದಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಇಳಿಯುವ 55 ಕಿಲೋಮೀಟರ್ ರೈಲುಹಾದಿಯಲ್ಲಿ 57 ಸುರಂಗಗಳಿವೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಆ ಹಾದಿಯೂ, ಶಿರಾಡಿ ಮತ್ತು ಸಂಪಾಜೆಯ ರಸ್ತೆಗಳೂ ಮುಚ್ಚಿಹೋದುವು. ಇನ್ನೊಂದು ಸೂಚನೆ: ನಗರದಲ್ಲಿ ಸೆಂಟ್ರಲ್, ಜಂಕ್ಷನ್ ಎಂಬ ಎರಡು ರೈಲುನಿಲ್ದಾಣಗಳಿವೆ. ಮೊದಲನೆಯದು ಪೇಟೆಯ ನಡುವೆ. ಎರಡನೆಯದು ಅಲ್ಲಿಂದ ಕೆಲವು ಕಿಲೋಮೀಟರ್ ದೂರ, ಪಡೀಲಿನ ಬಳಿ. ಟಿಕೇಟಿನಲ್ಲಿ ಯಾವ ಹೆಸರಿದೆಯೆಂದು ಮೊದಲೇ ನೋಡಿಕೊಳ್ಳಿರಿ.

ನಗರದಲ್ಲಿ ಸಂಚರಿಸುವ ಕ್ರಮವು ಅದರ ನಕ್ಷೆಯಿಂದಲೇ ತಿಳಿಯುವುದು. ಪೇಟೆಯ ನಡುವಿನ ಹಂಪನಕಟ್ಟೆಯಿಂದ ಪಶ್ಚಿಮಕ್ಕೆ ನಡೆದವರಿಗೆ ಮೊದಲು ಸಿಗುವುದು ಕಡಲಲ್ಲ, ಬಂದರಿನ ಹೊಳೆ. ಉತ್ತರದಿಂದ ಫಲ್ಗುಣಿ, ದಕ್ಷಿಣದಿಂದ ನೇತ್ರಾವತಿ ಬಂದು ಕೂಡಿ, ಬೆಂಗ್ರೆಗೂ ಉಳ್ಳಾಲಕ್ಕೂ ನಡುವೆ ಒಂದೇ ಅಳಿವೆಯಿಂದ ಕಡಲನ್ನು ಸೇರುವುವು. ಆದುದರಿಂದ ಪೇಟೆಯಿಂದ ಯಾವ ತೀರಕ್ಕೆ ಹೋಗಬೇಕಾದರೂ ಒಂದು ಹೊಳೆಯನ್ನು ದಾಟಲೇ ಬೇಕು. ಪಣಂಬೂರು ಉತ್ತರದಲ್ಲಿ, ಕೂಳೂರಿನ ಸೇತುವೆಯಾಚೆ, ನವಮಂಗಳೂರು ಬಂದರಿನ ಮಗ್ಗುಲಲ್ಲಿದೆ. ಮಕ್ಕಳಿರುವವರಿಗೆ ಅದೇ ಲೇಸು, ಏಕೆಂದರೆ ಜನಸಂಚಾರವೂ ಜೀವರಕ್ಷಕರೂ ಇರುವರು. ಉಳ್ಳಾಲ ಸೋಮೇಶ್ವರಗಳು ನೇತ್ರಾವತಿಯ ದಕ್ಷಿಣಕ್ಕೆ. ಸೋಮೇಶ್ವರದ ಬಂಡೆಗಳ ಮೇಲಿನಿಂದ ಕಡಲನ್ನು ನೋಡುವುದು ಚೆಂದ, ಅಲ್ಲಿ ನೀರಿಗಿಳಿಯುವುದು ಸಲ್ಲದು. ಪಣಂಬೂರನ್ನೂ ಸೋಮೇಶ್ವರವನ್ನೂ ಒಂದೇ ಸಂಜೆಯಲ್ಲಿ ಮುಗಿಸುವೆವೆಂದು ಹೊರಟವರು ಸೂರ್ಯಾಸ್ತವನ್ನು ಬಸ್ಸಿನ ಕಿಟಕಿಯಿಂದಲೇ ಕಾಣುವರು.

ಬಸ್ಸುಗಳು ಹೊರಡುವ ಸ್ಥಳಕ್ಕೆ ‘ಸ್ಟೇಟ್ ಬ್ಯಾಂಕ್’ ಎಂದು ಹೆಸರು. ಕಂಡಕ್ಟರನು ಹಾಗೆ ಕೂಗಿದರೆ ಬ್ಯಾಂಕಿನ ಕೆಲಸಕ್ಕೆ ಕರೆಯುತ್ತಿರುವನೆಂದೆಣಿಸಬೇಡಿರಿ.

ದಿನದ ಹೊತ್ತನ್ನೂ ಗಾಳಿಯೇ ನಿಶ್ಚಯಿಸುವುದು. ಬೆಳಗ್ಗೆ ನೆಲದಿಂದ ಕಡಲಿಗೆ ಗಾಳಿ ಬೀಸುವಾಗ ನೀರು ಸಮತಲವಾಗಿರುವುದು. ನೆಲ ಕಾದ ಮೇಲೆ ಕಡಲಗಾಳಿ ಎದ್ದು, ಮಧ್ಯಾಹ್ನದ ಮೇಲೆ ಅಲೆಗಳು ಏರುವುವು. ಆದುದರಿಂದ ಮಕ್ಕಳ ನೀರಾಟವು ಬೆಳಗ್ಗೆ ಒಂಭತ್ತರೊಳಗೆ ಮುಗಿಯಲಿ. ನಡುಹಗಲಿಗೆ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಪ್ರಾರ್ಥನಾಲಯದೊಳಗೆ, ಇಟಲಿಯ ಅಂತೋನಿಯೋ ಮೊಸ್ಕೇನಿ ಬರೆದ ಚಿತ್ರಗಳನ್ನು ನೋಡುತ್ತ ತಂಪಾಗಿ ಕುಳಿತಿರಬಹುದು. ಸಂಜೆಗೆ ನನ್ನ ಆಯ್ಕೆ ತಣ್ಣೀರುಬಾವಿ. ಟಿಪ್ಪುವಿನ ಕಾಲದ ಸುಲ್ತಾನ್ ಬತ್ತೇರಿಯ ಕಟ್ಟೆಯ ಬಳಿ ದೋಣಿಯನ್ನೇರಿ ಫಲ್ಗುಣಿಯನ್ನು ದಾಟಿ, ಸ್ವಲ್ಪ ನಡೆದರೆ ಕಡಲು. ನವೆಂಬರ್ ಕೊನೆಗೆ ಸುಮಾರು 6 ಗಂಟೆಗೂ ಜನವರಿ ಕೊನೆಗೆ ಸುಮಾರು 6.30ಕ್ಕೂ ಸೂರ್ಯನು ಮುಳುಗುವನು. ಅನಂತರ ಕತ್ತಲೆ ಬೇಗ ಕವಿಯುವುದು. ಹಿಂದಿರುಗುವ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಹೋಗುವಾಗಲೇ ಅಂಬಿಗನನ್ನು ಕೇಳಿಡಿರಿ. ಅದು ತಪ್ಪಿದರೆ, ಎದುರು ದಡದ ದೀಪಗಳನ್ನು ನೋಡುತ್ತಲೇ ಕೂಳೂರಿನ ಸೇತುವೆಯ ತನಕ ಸುತ್ತಿ ಬರಬೇಕಾಗುವುದು.