ಹೊಸ ದವಾಖಾನೆಯ ಬಾಗಿಲು

ಓದತಕ್ಕ ಭಾಗ: ಮಾರ್ಕ 2ನೆಯ ಅಧ್ಯಾಯ, 1ರಿಂದ 12ನೆಯ ವಚನಗಳು



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗಳಲ್ಲಿ ಒಂದು ಮನೆತನದ ಮಗನಾಗಲಿ ಮಗಳಾಗಲಿ ವೈದ್ಯವಿದ್ಯೆಯನ್ನು ಮುಗಿಸಿ ದವಾಖಾನೆಯನ್ನು ತೆರೆದರೆ ಬಳಗಕ್ಕೆಲ್ಲಾ ಅದು ಹಬ್ಬವೇ ಸರಿ. ಸಭೆಯ ಹಿರಿಯರು ಬಂದು ಪ್ರಾರ್ಥಿಸಿ ಆಶೀರ್ವದಿಸುತ್ತಾರೆ. ಕೀರ್ತನೆಗಳಾದ ಮೇಲೆ ಹೋಳಿಗೆಯ ಊಟವಾಗುತ್ತದೆ. ಈ ಸಂತೋಷವು ಯೋಗ್ಯವಾದದ್ದೇ. 1894ರಲ್ಲಿ ವಾನ್ಲೆಸ್ ವೈದ್ಯರು ಮಿರಜಿನಲ್ಲಿ ಮಿಶನ್ ಆಸ್ಪತ್ರೆಯನ್ನು ತೆರೆದಾಗ ಅವರು ಪರದೇಶದಿಂದ ಬಂದವರಾಗಿದ್ದರು. ಅಲ್ಲಿಯೇ ಅವರು ಈ ದೇಶದ ಯೌವನಸ್ಥರಿಗೂ ವೈದ್ಯವಿದ್ಯೆಯನ್ನು ಕಲಿಸಿದರು. ಈಗ ನಮ್ಮ ಮನೆಗಳಲ್ಲಿಯೇ ವೈದ್ಯರು ಎದ್ದಿರುವದು ದೇವರ ಉಪಕಾರವಲ್ಲವೇ?

ಆದರೆ ಕಪೆರ್ನೌಮಿನ ಆ ಮನೆಯನ್ನು ನೋಡೋಣ. ಪಾರ್ಶ್ವವಾಯುರೋಗಿಯನ್ನು ಹೊತ್ತು ತಂದ ನಾಲ್ವರಿಗೆ ಅಡ್ಡಿಯಾದವರು ಯಾರು? ಕಳ್ಳರಲ್ಲ, ವೈರಿಗಳಲ್ಲ, ಒಳ್ಳೇ ಮನಸ್ಸಿನಿಂದ ಕೂಡಿಬಂದ ಜನರೇ ಬಾಗಿಲನ್ನು ತುಂಬಿಕೊಂಡಿದ್ದರು. ಆದಕಾರಣ ಅವರು ಮಾಳಿಗೆಯನ್ನು ಬಿಚ್ಚಬೇಕಾಯಿತು. ಹೀಗೆಯೇ ನಮ್ಮ ಹಬ್ಬದ ದಿನ, ಜ್ವರದ ಕೂಸನ್ನು ಎತ್ತಿಕೊಂಡ ತಾಯಿಯು ಅಂಗಳದಲ್ಲಿ ನಿಂತಿರಲು, ಬಳಗದವರಾದ ನಾವು ಹೊಸ ಬೆಂಚಿನ ಮೇಲೆ ಕೂತಿದ್ದರೆ ಬಾಗಿಲನ್ನು ಕಟ್ಟಿದವರು ನಾವೇ.

ಇದರಿಂದ ಮೂರು ಸಂಗತಿಗಳನ್ನು ಕಲಿಯುವೆವು.

1. ಸರದಿ. ವೈದ್ಯನು ನಮ್ಮ ಅಳಿಯನೆಂದು ಹಿಂಬಾಗಿಲಿನಿಂದ ಹೊಗಬಾರದು. ರೋಗದ ಉಗ್ರತೆಯೇ ಮೊದಲಿನವನನ್ನು ಗೊತ್ತುಮಾಡತಕ್ಕದ್ದು, ರಕ್ತಸಂಬಂಧವಲ್ಲ.

2. ಹಣ. ಕೊಡಲು ಶಕ್ತರಾದ ಬಂಧುಗಳು ಪುಕ್ಕಟೆಯಾಗಿ ಔಷಧ ಒಯ್ದರೆ ಆ ಭಾರವು ಬಡವರ ಮೇಲೆ ಬೀಳುವದು. ಯಾಕಂದರೆ ಬಾಡಿಗೆ, ಸಾಲ, ಕೆಲಸದವರ ಸಂಬಳ ಇವು ನಿಲ್ಲುವವುಗಳಲ್ಲ. ನಾವು ಸಲ್ಲಿಸುವ ಹಣದಿಂದ ನಿಜವಾದ ಬಡವನಿಗೆ ರಿಯಾಯಿತಿ ಸಿಕ್ಕೀತು.

3. ನಂಬಿಗಸ್ತಿಕೆ. ಆಶೀರ್ವಾದದ ಪ್ರಾರ್ಥನೆಯು ಕಾಯಿದೆಗೆ ಬದಲಲ್ಲ. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ಮೇರೆಗೆ ದವಾಖಾನೆಯನ್ನು ನೋಂದಾಯಿಸಿ ದರಗಳನ್ನು ಕಾಣುವಂತೆ ತೂಗಹಾಕಬೇಕು. ಒಬ್ಬನಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬನಿಗೆ ಚುಚ್ಚಬಾರದು. ಹೊಲದಲ್ಲಿ ಹಾವು ಕಚ್ಚಿದವನನ್ನು ತಂದಾಗ ವಿಷಹರ ಔಷಧವು ತನ್ನಲ್ಲಿ ಇಲ್ಲದಿದ್ದರೆ, ಹೆಸರು ಕೆಟ್ಟೀತೆಂದು ಅವನನ್ನು ಹಿಡಿದಿಟ್ಟುಕೊಳ್ಳದೆ, 108ಕ್ಕೆ ಕರೆಮಾಡಿ ಅದಿರುವ ದೊಡ್ಡ ಆಸ್ಪತ್ರೆಗೆ ಕೂಡಲೇ ಕಳುಹಿಸಬೇಕು. ನನ್ನಿಂದಾಗದೆಂದು ಒಪ್ಪಿಕೊಳ್ಳುವದು ವೈದ್ಯನಿಗೆ ಅವಮಾನವಲ್ಲ. ಬಳಗದವರೂ ಅದಕ್ಕಾಗಿ ಅವನನ್ನು ಹಳಿಯದಿರಲಿ.

ಲೂಕನನ್ನು ಪೌಲನು ಪ್ರಿಯ ವೈದ್ಯನೆಂದು ಕರೆದನು. ಆದಕಾರಣ ಪ್ರಾರ್ಥಿಸುವವನು ಔಷಧವನ್ನು ತಳ್ಳಿಬಿಡಬೇಕಾಗಿಲ್ಲ, ಔಷಧ ಕೊಡುವವನು ಪ್ರಾರ್ಥನೆಯನ್ನು ಮರೆಯಬೇಕಾಗಿಯೂ ಇಲ್ಲ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
ಆ ನಾಲ್ವರ ಹಾಗೆ ನಾವು ಹೊತ್ತು ತರಬೇಕಾದ ರೋಗಿಯು ನಮ್ಮ ಓಣಿಯಲ್ಲಿ ಯಾರು?
ನಮ್ಮ ಬಂಧುವಿನ ಕೆಲಸಕ್ಕೆ ನಾವು ಸಹಾಯವೋ, ಅಡ್ಡಿಯೋ?

ಮುಂದಿನ ಸಾರಿ ಇಂಥ ಹಬ್ಬಕ್ಕೆ ಹೋದಾಗ ಉಂಡು, ಹರಸಿ, ಬಾಗಿಲು ಬಿಟ್ಟು ನಿಲ್ಲೋಣ.