ನಿದ್ದೆಯ ಜೊತೆ ಜಿದ್ದು ಬೇಡ ಮಗಾ

ಹೆವಿ ಲೈಸೆನ್ಸ್ ಕೈಗೆ ಬಂತು, ಜೊತೆಗೆ ಮೀಸೆ ತಿರುವುವ ಚಟವೂ ಬಂತು. ರಾತ್ರಿ ಊಟ ಮುಗಿಸಿ ಬೆಂಗಳೂರು ಬಿಟ್ಟು, ಬೆಳಗಿನ ಕಾಫಿಗೆ ಬೆಳಗಾವಿ ಮುಟ್ಟಿದೆ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತೀಯಂತೆ. ನಿನ್ನ ಕೈ ಚೆನ್ನಾಗಿದೆ, ಇಲ್ಲ ಎನ್ನಲಾರೆ. ಇಕ್ಕಟ್ಟು ಗಲ್ಲಿಯಲ್ಲಿ ನೀನು ರಿವರ್ಸ್ ತೆಗೆಯುವುದನ್ನು ನೋಡಿ ಹಳೇ ಡ್ರೈವರುಗಳೇ ತಲೆದೂಗುತ್ತಾರೆ. ಆದರೆ ನಿದ್ದೆ ಬಂದಾಗ ಗಾಡಿ ನಿಲ್ಲಿಸುವುದನ್ನು ನೀನಿನ್ನೂ ಕಲಿತಿಲ್ಲ. ಅದನ್ನು ಕಲಿಯುವ ತನಕ ನೀನು ಅರ್ಧ ಡ್ರೈವರ್.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಲಾರಿಯವನಿಗೆ ತಲೆತುಂಬ ಚಿಂತೆ ಇದ್ದರೂ ನಿದ್ದೆ ಬರುತ್ತದೆ. ಅದು ಹೇಗೆ ಬರುತ್ತದೆಂದು ಗೊತ್ತುಮಾಡಿಕೋ. ಮೊದಲು ಆಕಳಿಕೆ, ಆಮೇಲೆ ಕಣ್ಣುರಿ. ಹಿಂದಿನ ಟೋಲ್ ಯಾವಾಗ ದಾಟಿದೆ ಎಂಬುದೇ ನೆನಪಿರುವುದಿಲ್ಲ. ಟೈರು ಬಿಳಿ ಗೆರೆ ತುಳಿಯುತ್ತದೆ, ಗಾಬರಿಬಿದ್ದು ಸ್ಟೇರಿಂಗ್ ಎಳೆಯುತ್ತೀಯ. ಪಕ್ಕದಲ್ಲಿರುವ ಕ್ಲೀನರ್ ಹುಡುಗ "ಅಣ್ಣಾ!" ಎನ್ನುತ್ತಾನೆ. "ಏ, ಎಚ್ಚರಾನೇ ಇದೀನಿ ಕಣೋ" ಎಂದು ಅವನ ಮೇಲೇ ರೇಗುತ್ತೀಯ. ಹಾಗೆ ಹೇಳಬೇಕಾಗಿ ಬಂತೆಂದರೆ ಎಚ್ಚರ ಆಗಲೇ ಹೋಗಿದೆ ಎಂದು ತಿಳಿ.

ಲೆಕ್ಕ ಹಾಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡು ಕಣ್ಣು ಮುಚ್ಚಿದರೆ ಗಾಡಿ 50 ಮೀಟರ್ ಹೋಗಿರುತ್ತದೆ. ಅಷ್ಟು ದೂರ ಆ ಲೋಡಿಗೆ ಡ್ರೈವರೇ ಇಲ್ಲ. ಎಚ್ಚರವಿದ್ದವನು ಕೊನೇ ಗಳಿಗೆಯಲ್ಲಾದರೂ ಬ್ರೇಕ್ ತುಳಿಯುತ್ತಾನೆ. ನಿದ್ದೆ ಹೋದವನ ಗಾಡಿ ಗುದ್ದಿದ ಕಡೆ ಎಷ್ಟೋ ಸಲ ರಸ್ತೆ ಮೇಲೆ ಟೈರು ಎಳೆದ ಗುರುತೇ ಇರುವುದಿಲ್ಲ.

ಗಾಡಿ ಹತ್ತುವಾಗ ನೀನು ಕುಡಿಯುವವನಲ್ಲ, ಸಂತೋಷ. ಆದರೆ 17–18 ತಾಸು ಸತತ ಎಚ್ಚರವಿದ್ದವನ ಕೈಕಣ್ಣು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವನಷ್ಟೇ ನಿಧಾನವಾಗುತ್ತದೆಂದು ಪರೀಕ್ಷೆ ಮಾಡಿ ನೋಡಿದ್ದಾರೆ. ನಮ್ಮ ಕಾನೂನಿನ ಮಿತಿ 30. ಪೊಲೀಸರು ಊದಿಸುವ ಮಿಷನ್ ಕುಡಿದದ್ದನ್ನು ಹಿಡಿಯುತ್ತದೆ, ನಿದ್ದೆಗೆಟ್ಟದ್ದನ್ನು ಹಿಡಿಯುವುದಿಲ್ಲ. ಅದನ್ನು ನೀನೇ ಹಿಡಿಯಬೇಕು.

ಮುಖಕ್ಕೆ ನೀರು, ಬಾಯಿಗೆ ಗುಟ್ಕಾ, ಕಿವಿ ಹರಿಯುವಂಥ ಹಾಡು: ಎಲ್ಲಾ ಐದು ನಿಮಿಷದ ಆಟ. ನಿದ್ದೆ ಮೀಟರ್ ಬಡ್ಡಿಯವನ ಹಾಗೆ, ಇವತ್ತು ಕೈಗೆ ಸಿಗದಿದ್ದರೆ ನಾಳೆ ನಡುದಾರಿಯಲ್ಲಿ ಅಡ್ಡ ಹಾಕುತ್ತದೆ. ಟೀ ಕುಡಿ, ಬೇಡ ಎನ್ನುವುದಿಲ್ಲ. ಆದರೆ ಅದು ತಲೆಗೇರಲು ಹತ್ತಿರಹತ್ತಿರ ಅರ್ಧ ಗಂಟೆ ಬೇಕು. ಕುಡಿದು ಇಪ್ಪತ್ತು ನಿಮಿಷ ಮಲಗಿಬಿಡು, ಎರಡೂ ಕೂಡಿ ಬರುತ್ತದೆ. ಹಾಗಂತ ರಸ್ತೆಯಂಚಿಗೆ ಗಾಡಿ ತಗುಲಿಸಿ ಮಲಗಬೇಡ. ನಿಂತ ಲಾರಿಯ ಹಿಂಬದಿಗೆ ಗುದ್ದಿ ಸತ್ತವರು ಕಡಿಮೆಯಿಲ್ಲ. ಬಂಕಿನ ಅಂಗಳಕ್ಕೋ ಡಾಬಾದ ಒಳಕ್ಕೋ ತೆಗೆದುಕೋ. ಎದ್ದಕೂಡಲೇ ಸೆಲ್ಫ್ ಹೊಡೆಯಬೇಡ. ಕೆಳಗಿಳಿದು ಟೈರು ತಟ್ಟಿ, ಹಗ್ಗ ಎಳೆದು ನೋಡಿ, ಆಮೇಲೆ ಹತ್ತು.

ತಪ್ಪೆಲ್ಲ ನಿನ್ನದೇ ಎನ್ನಲು ನಾನೇನು ಕುರುಡನೇ? ಹಗಲಿಡೀ ಎಪಿಎಂಸಿ ಯಾರ್ಡಿನಲ್ಲಿ ಅನ್‌ಲೋಡಿಗೆ ಕಾಯುತ್ತೀಯ, ಸರದಿ ತಪ್ಪೀತೆಂದು ಕಣ್ಣು ಮುಚ್ಚುವುದಿಲ್ಲ. ರಾತ್ರಿ ಮತ್ತೆ ಲೋಡು. ಓನರ್ ಪುಸ್ತಕದಲ್ಲಿ ಆ ಕಾದ ಹೊತ್ತೆಲ್ಲ ನಿನ್ನ ವಿಶ್ರಾಂತಿ! 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಏನು ಹೇಳಿತ್ತು ಗೊತ್ತೇ? ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು. ಡಾಬಾದಲ್ಲಿ ಕೂತವರನ್ನು ಕೇಳು, ಕಂಡವರೆಷ್ಟು ಮಂದಿ ಎಂದು. 2025ರ ಅಕ್ಟೋಬರಿನಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ, ಒಳ್ಳೆಯದೇ. ಸೆಕೆಯ ದಣಿವು ತಗ್ಗೀತು. ನಿದ್ದೆಯ ಬಾಕಿ ಅದರಿಂದ ತೀರುವುದಿಲ್ಲ.

ಓನರ್ ಹತ್ತಿರ ಬಾಯಿ ಬಿಡು, ಅದೂ ಲೋಡು ಹತ್ತುವ ಮೊದಲೇ. "ಅಣ್ಣಾ, ಬೆಳಿಗ್ಗೆ ಆಗಲ್ಲ, ಮಧ್ಯಾಹ್ನ ಮುಟ್ಟಿಸ್ತೀನಿ." ನಾಲ್ಕು ಮಾತು ಬೈದಾನು, ಬೈಸಿಕೋ. ಕೈ ಚೆನ್ನಾಗಿರುವ ಡ್ರೈವರನ್ನು ಅಷ್ಟಕ್ಕೇ ಯಾರೂ ಕಳೆದುಕೊಳ್ಳುವುದಿಲ್ಲ.

ಕೊನೇ ಮಾತು. ರಾತ್ರಿ ಎರಡರಿಂದ ಐದರವರೆಗೆ ಎಂಥ ಗಟ್ಟಿಗನಿಗೂ ಕಣ್ಣು ಎಳೆಯುತ್ತದೆ. ಆ ಹೊತ್ತಿಗೆ ನೀನು ದಾವಣಗೆರೆಯಲ್ಲಿರುತ್ತೀಯೋ ಹಾವೇರಿಯಲ್ಲೋ ನೋಡಿಕೊಂಡು, ಎಲ್ಲಿ ನಿಲ್ಲಿಸಬೇಕೆಂದು ಹೊರಡುವ ಮೊದಲೇ ಗೊತ್ತುಮಾಡಿಕೋ. ನಿದ್ದೆ ಬಂದ ಮೇಲೆ ಯೋಚಿಸೋಣ ಎಂದರೆ, ಯೋಚಿಸಬೇಕಾದ ಬುದ್ಧಿಯೇ ಅಷ್ಟರಲ್ಲಿ ಮಲಗಿರುತ್ತದೆ.